ಕಡ ತಂದ ಹೆಪ್ಪು

ಬೀದರ ಸೀಮೆಯ ಜನ ತಮ್ಮ ನಿತ್ಯದ ಮಾತಿನಲ್ಲಿ ಮನುಷ್ಯ ಮನುಷ್ಯರ ನಡುವಣ ಸಾಮೀಪ್ಯವನ್ನು ಅಳೆಯುವುದಕ್ಕೆ ಮೂರು ಶಬ್ದಗಳನ್ನು ಇಟ್ಟುಕೊಂಡಿದ್ದಾರೆ. ಹಾದಿಯಲ್ಲಿ ಎದುರಾದಾಗ ಕೈಯೆತ್ತಿ ‘ನಮಸ್ಕಾರ್ರೀ’ ಎನ್ನುವಷ್ಟು ಬಳಕೆಯುಳ್ಳವರನ್ನು ಕುರಿತು ‘ಅವರ ಗುರ್ತು ಅದ’ ಎನ್ನುತ್ತಾರೆ. ಜತೆಯಲ್ಲಿ ಕುಳಿತು ಚಾ ಕುಡಿದು ಊರ ಸುದ್ದಿಯನ್ನೂ ಮಳೆಯ ಸುದ್ದಿಯನ್ನೂ ಆಡುವಷ್ಟು ಸಲುಗೆಯಿದ್ದರೆ ಅದು ‘ದೋಸ್ತಿ’. ಇನ್ನು ಅರ್ಧರಾತ್ರಿಯಲ್ಲಿ ಬಾಗಿಲು ಬಡಿದರೆ ಕಾರಣವನ್ನೇ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಡುವವನು ಯಾವನುಂಟೋ ಅವನು ‘ಜಿಗ್ರಿ ದೋಸ್ತ’. ಜಿಗರ್ ಎಂದರೆ ಫಾರಸಿಯಲ್ಲಿ ಯಕೃತ್ತು. ಕನ್ನಡಿಗರು ಕರುಳಿನಲ್ಲಿ ಇರಿಸಿದ ವಾತ್ಸಲ್ಯವನ್ನು ಆ ಭಾಷೆಯವರು ಅದರ ನೆರೆಯ ಅಂಗದಲ್ಲಿ ಇರಿಸಿದರು; ಬೀದರಿನವರು ಎರಡನ್ನೂ ಉಳಿಸಿಕೊಂಡರು.

38ನೆಯ ವಯಸ್ಸಿನಲ್ಲಿ, ಹೆಂಡತಿಯನ್ನೂ ಶಾಲೆಗೆ ಹೋಗುವ ಮಗಳನ್ನೂ ಕರೆದುಕೊಂಡು, ಹಾಸನದ ಕಡೆಯಿಂದ ವರ್ಗವಾಗಿ ಈ ಊರಿಗೆ ಬಂದ ನಾನು ಇವುಗಳಲ್ಲಿ ಮೊದಲನೆಯ ಮೆಟ್ಟಿಲನ್ನು ಒಂದು ತಿಂಗಳಲ್ಲಿ ಹತ್ತಿದೆನು. ಎರಡನೆಯದಕ್ಕೆ ಒಂದು ವರ್ಷ ಹಿಡಿಯಿತು. ಮೂರನೆಯದನ್ನು ತಲಪುವುದಕ್ಕೆ ನಾಲ್ಕು ವರ್ಷ ಬೇಕಾಯಿತು. ಈ ವಿಳಂಬಕ್ಕೆ ಊರಿನವರ ಒರಟುತನ ಕಾರಣವೆಂದು ಕೆಲಕಾಲವೂ, ನನ್ನ ಸ್ವಭಾವದ ಸಂಕೋಚ ಕಾರಣವೆಂದು ಮತ್ತೆ ಕೆಲಕಾಲವೂ ನಂಬಿದ್ದೆನು. ಎರಡೂ ಅಲ್ಲವೆಂದು ಈಗ ತಿಳಿದಿದೆ; ತಿಳಿದುದನ್ನು ಹೇಳಬೇಕೆನ್ನಿಸಿದೆ, ಏಕೆಂದರೆ ಈ ಕಷ್ಟ ನನ್ನೊಬ್ಬನದಲ್ಲ. ದಕ್ಷಿಣದ ಜಿಲ್ಲೆಗಳಿಂದ ಇಲ್ಲಿಗೆ ಬರುವ ಶಿಕ್ಷಕರು, ಬ್ಯಾಂಕಿನ ನೌಕರರು, ಆಸ್ಪತ್ರೆಯ ದಾದಿಯರು, ಪಶುವೈದ್ಯ ವಿಶ್ವವಿದ್ಯಾಲಯದ ಅಧ್ಯಾಪಕರು ಇವರೆಲ್ಲರದು ಒಂದು ಗುಂಪಾದರೆ, ಔರಾದ, ಭಾಲ್ಕಿಗಳ ಹಳ್ಳಿಗಳನ್ನು ಬಿಟ್ಟು ಹೈದರಾಬಾದಿಗೂ ಪುಣೆಗೂ ದುಡಿಯಲು ಹೋಗುವವರದು ಇನ್ನೊಂದು ದೊಡ್ಡ ಗುಂಪು. ಗುರ್ತಿನವರು ನೂರು ಮಂದಿ ಇದ್ದೂ ಮನಸ್ಸು ಬಿಚ್ಚಿ ಆಡಿಕೊಳ್ಳಲು ಒಬ್ಬರೂ ಇಲ್ಲವೆಂಬ ಕೊರಗು ಎರಡೂ ಗುಂಪುಗಳಲ್ಲಿ ಒಂದೇ ತೆರನಾಗಿದೆ.

ಬಾಲ್ಯದಲ್ಲಿ ಸ್ನೇಹವನ್ನು ನಾವು ಸಂಪಾದಿಸುವುದಿಲ್ಲ. ಅದು ತಾನಾಗಿ ಒದಗಿ ಬರುತ್ತದೆ. ಒಂದೇ ಬೆಂಚು, ಒಂದೇ ಕಾಲುದಾರಿ, ಒಬ್ಬರೇ ಮೇಷ್ಟರ ಭಯ, ಒಂದೇ ಹುಣಿಸೆಮರದ ಕಾಯಿ, ಇಷ್ಟೆಲ್ಲ ಅನುಕೂಲಗಳನ್ನು ಬೇರೆಯವರು ನಮಗಾಗಿ ಒದಗಿಸಿಟ್ಟಿರುವಾಗ, ಅಲ್ಲಿ ಚಿಗುರಿದ ಪ್ರೀತಿಯನ್ನು ನಮ್ಮ ಗುಣದ ಫಲವೆಂದು ಭ್ರಮಿಸಿಕೊಂಡು ದೊಡ್ಡವರಾಗುತ್ತೇವೆ. ನಡುವಯಸ್ಸಿನಲ್ಲಿ ಊರು ಬದಲಾದ ಕೂಡಲೆ ಆ ಅನುಕೂಲಗಳೆಲ್ಲ ಕಳಚಿ ಬೀಳುತ್ತವೆ. ಗುಣ ಹಾಗೆಯೇ ಇರುತ್ತದೆ, ಸ್ನೇಹ ಮಾತ್ರ ಬರುವುದಿಲ್ಲ.

ಬಾರದಿರುವುದಕ್ಕೆ ಬಹುಮಟ್ಟಿನ ಕಾರಣ ಕಾಲದ ಲೆಕ್ಕದಲ್ಲಿ ಅಡಗಿದೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾನಿಲಯದ ಜೆಫ್ರಿ ಹಾಲ್ ಎಂಬ ಪ್ರಾಧ್ಯಾಪಕರು, ಹೊಸ ಊರಿಗೆ ಹೋಗಿ ಆರು ತಿಂಗಳು ಕಳೆಯದಿದ್ದ 355 ಮಂದಿ ವಯಸ್ಕರನ್ನು ವಿಚಾರಿಸಿ, 2018ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಬರಿಯ ಪರಿಚಯ ಸಾಧಾರಣ ಗೆಳೆತನವಾಗುವುದಕ್ಕೆ ಜತೆಯಲ್ಲಿ ಕಳೆದ ಸುಮಾರು 50 ತಾಸುಗಳು ಬೇಕು, ಅದು ನಿಜವಾದ ಗೆಳೆತನವಾಗುವುದಕ್ಕೆ ಸುಮಾರು 90, ಆಪ್ತಸ್ನೇಹವಾಗುವುದಕ್ಕೆ 200ಕ್ಕೂ ಮೇಲೆ ಎಂಬುದು ಅವರು ಕಂಡುಕೊಂಡ ಅಂದಾಜು; ಅಷ್ಟೇ ಅಲ್ಲ, ಕಚೇರಿಯ ಕೆಲಸದಲ್ಲಿ ಒಟ್ಟಿಗೆ ಕಳೆದ ತಾಸುಗಳು ಈ ಲೆಕ್ಕಕ್ಕೆ ಹೆಚ್ಚಾಗಿ ಒದಗುವುದಿಲ್ಲ ಎಂದೂ ಅವರು ಕಂಡರು. ಹಾಸ್ಟೆಲಿನಲ್ಲಿ ದಿನಕ್ಕೆ ಹತ್ತು ತಾಸು ಜತೆಯಲ್ಲಿರುವ ಹುಡುಗರಿಗೆ 200 ತಾಸೆಂದರೆ ಇಪ್ಪತ್ತು ದಿನ. ವಾರಕ್ಕೆ ಒಂದು ತಾಸನ್ನು ಹೇಗೋ ಹೊಂದಿಸಿಕೊಳ್ಳುವ ಗೃಹಸ್ಥನಿಗೆ ಅದು ಹತ್ತಿರ ಹತ್ತಿರ ನಾಲ್ಕು ವರ್ಷ. ಈ ಅಂಕಿಯನ್ನು ಓದಿದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಆದರೂ ನನ್ನ ಮನೆಯವಳಿಗೆ ನಾಲ್ಕು ವರ್ಷ ಬೇಕಾಗಲಿಲ್ಲ. ನಾಲ್ಕು ದಿನ ಕಳೆಯುವ ಮೊದಲೇ ಆಕೆ ಆ ಕೆಲಸವನ್ನು ಆರಂಭಿಸಿಬಿಟ್ಟಳು. ಸಾಮಾನುಗಳನ್ನು ಇಳಿಸಿದ ಮರುದಿನದ ಸಂಜೆ, ಕಾಸಿ ಆರಿಸಿದ ಹಾಲಿನ ಪಾತ್ರೆಯನ್ನು ಮುಂದಿಟ್ಟುಕೊಂಡು ಒಂದು ಗಳಿಗೆ ಯೋಚಿಸಿ, ಪಕ್ಕದ ಮನೆಯ ಬಾಗಿಲಿಗೆ ಹೋಗಿ ಒಂದು ಚಮಚ ಹೆಪ್ಪು ಕೇಳಿದಳು. ಬೀದಿಯ ತಿರುವಿನ ಅಂಗಡಿಯಲ್ಲಿ ಮೊಸರು ಸಿಗುತ್ತಿರಲಿಲ್ಲವೆಂದಲ್ಲ. ಆ ಮನೆಯಾಕೆ ಒಂದು ವಾಟಗದಲ್ಲಿ ಕೊಟ್ಟಳು. ಬರಿಯ ವಾಟಗವನ್ನು ಹಿಂದಿರುಗಿಸಬಾರದೆಂಬ ಪದ್ಧತಿ ಹಾಸನದಲ್ಲಿಯೂ ಉಂಟು, ಬೀದರಿನಲ್ಲಿಯೂ ಉಂಟು. ಆದ್ದರಿಂದ ಅದು ನಾಲ್ಕು ಕೋಡುಬಳೆಗಳನ್ನು ಹೊತ್ತು ಮರಳಿತು, ಎರಡು ದಿನ ಬಿಟ್ಟು ಪುಂಡಿಪಲ್ಯದೊಡನೆ ಬಂತು, ಅಕ್ಕಿರೊಟ್ಟಿಯೊಡನೆ ಹೋಯಿತು, ಶೇಂಗಾ ಹಿಂಡಿಯೊಡನೆ ತಿರುಗಿ ಬಂತು. ಆ ಪುಟ್ಟ ಪಾತ್ರೆ ಯಾವ ಮನೆಯದೆಂಬುದು ಕೊನೆಗೆ ಇಬ್ಬರಿಗೂ ಮರೆತುಹೋಯಿತು. ಲೆಕ್ಕ ಎಂದೂ ಸಮವಾಗಲಿಲ್ಲ. ಸಮವಾಗಕೂಡದೆಂಬುದೇ ಆ ಪದ್ಧತಿಯ ಮರ್ಮ. ಮದುವೆಯಾದ ದಿನವೇ ಊರು ಬಿಟ್ಟು ಅಪರಿಚಿತರ ನಡುವೆ ಬಾಳುವೆಯನ್ನು ಮೊದಲಿನಿಂದ ಕಟ್ಟಿಕೊಳ್ಳಬೇಕಾದ ನಮ್ಮ ಹೆಣ್ಣುಮಕ್ಕಳು, ಔರಾದದಿಂದ ಉದಗೀರಿಗೂ ದೇಗಲೂರಿಗೂ ಭಾಷೆಯ ಗಡಿಯನ್ನೇ ದಾಟಿ ಸೊಸೆಯಂದಿರಾಗಿ ಹೋಗುವ ಹೆಣ್ಣುಮಕ್ಕಳು, ಈ ವಿದ್ಯೆಯನ್ನು ತಲೆತಲಾಂತರದಿಂದ ಬಲ್ಲರು. ಗಂಡಸರು ಅದನ್ನು ವಿದ್ಯೆಯೆಂದೇ ಎಣಿಸಲಿಲ್ಲ. ಹಾಗಾಗಿ ಕಲಿಯಲೂ ಇಲ್ಲ.

ನನ್ನ ರೀತಿ ಇದಕ್ಕೆ ವಿರುದ್ಧವಾಗಿತ್ತು. ಪ್ರತಿ ಬುಧವಾರ ಕೆಲಸದ ನಿಮಿತ್ತ ಸುಮಾರು 40 ಕಿಲೋಮೀಟರ್ ದೂರದ ಭಾಲ್ಕಿಗೆ ಹೋಗಬೇಕಾಗುತ್ತಿತ್ತು. ಅದೇ ಬಸ್ಸಿನಲ್ಲಿ, ಬೇರೊಂದು ಇಲಾಖೆಯ ಕೆಲಸದ ಮೇಲೆ, ಔರಾದ ಕಡೆಯ ಹಳ್ಳಿಯವರೊಬ್ಬರು ಬರುತ್ತಿದ್ದರು. ಕೆಲವು ವಾರಗಳಲ್ಲಿ ಗುರ್ತಾಯಿತು. ಭಾಲ್ಕಿಯ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಒಂದು ಚಾ ತರಿಸಿ ಇಬ್ಬರೂ ಹಂಚಿಕೊಳ್ಳುವುದು ರೂಢಿಯಾಯಿತು: ತುಂಬಿದ ಕಪ್ಪಿನಿಂದ ಅರ್ಧವನ್ನು ಬಸಿಗೆ ಬಗ್ಗಿಸಿ, ಕಪ್ಪನ್ನು ನನ್ನ ಕಡೆಗೆ ಸರಿಸಿ, ಬಸಿಯನ್ನು ಅವರು ಎತ್ತಿಕೊಳ್ಳುವರು. ಕಪ್ಪಿನ ಪಾಲು ಯಾವಾಗಲೂ ಒಂದು ಗುಟುಕು ಹೆಚ್ಚಾಗಿರುತ್ತಿತ್ತು. ಅದನ್ನು ಗಮನಿಸುವುದಕ್ಕೆ ನನಗೆ ಬಹಳ ದಿನ ಹಿಡಿಯಿತು. ನಾನು ಗಮನಿಸುತ್ತಿದ್ದುದು ಹಣದ ಪಾಳಿಯನ್ನು. ಹೋದ ಬುಧವಾರ ಅವರು ಕೊಟ್ಟಿದ್ದರೆ ಈ ಬುಧವಾರ ನಾನೇ ಕೊಡಬೇಕೆಂದು ಹಟ ಹಿಡಿಯುವೆನು. ಒಂದು ದಿನ ಅವರು, ನೊಂದುಕೊಂಡವರಂತೆ ಅಲ್ಲ, ನಿಜವಾಗಿ ತಿಳಿಯಬಯಸುವವರಂತೆ, “ಲೆಕ್ಕ ಚುಕ್ತಾ ಮಾಡ್ಲಿಕ್ಕ ನಾವೇನು ಅಂಗಡಿ ಇಟ್ಟೀವೇನ್ರಿ ಸರ?” ಎಂದು ಕೇಳಿದರು. ಆ ವರ್ಷದ ಎಳ್ಳಮಾವಾಸ್ಯೆಗೆ “ಹೊಲಕ್ಕ ಬರ್ರಿ, ಮನಿ ಮಂದಿನೆಲ್ಲ ಕರಕೊಂಡು ಬರ್ರಿ” ಎಂದು ಕರೆದಾಗ, ಅವರಿಗೆ ತೊಂದರೆಯಾಗಬಾರದೆಂಬ ಸದ್ಭಾವದಿಂದಲೇ, ಮುಂದಿನ ವರ್ಷ ನೋಡೋಣವೆಂದು ಹೇಳಿ ತಪ್ಪಿಸಿಕೊಂಡೆನು. ನಮ್ಮ ಕಡೆ ಅದು ಸೌಜನ್ಯ. ಇಲ್ಲಿ ಅದು ಬಾಗಿಲು ಹಾಕಿಕೊಂಡಂತೆ. ಅವರು ಮುನಿಸಿಕೊಳ್ಳಲಿಲ್ಲ; ಬುಧವಾರದ ಚಾ ಮುಂದುವರಿಯಿತು; ಆದರೆ ಮತ್ತೊಂದು ವರ್ಷ ತುಂಬುವವರೆಗೆ ತಮ್ಮ ಮನೆಯ ವಿಷಯವನ್ನು ಅವರು ನನ್ನೆದುರು ಎತ್ತಲಿಲ್ಲ.

ಈ ಊರಿಗೆ ಪರದೇಶಿಯಾಗಿ ಬಂದು ಗೆಳೆತನಕ್ಕೆ ಹಂಬಲಿಸಿದವರಲ್ಲಿ ನಾನು ಮೊದಲಿಗನಲ್ಲವೆಂಬ ನೆನಪು ಆಗ ನನ್ನನ್ನು ಇತಿಹಾಸದ ಪುಸ್ತಕಗಳ ಕಡೆಗೆ ಕರೆದೊಯ್ದಿತು. ಬೀದರ ನಗರವೇ ಬಂದವರು ಕಟ್ಟಿದ ನಗರ. 15ನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ವರ್ಗಾಯಿಸಿದಂದಿನಿಂದ ಇರಾನದಿಂದಲೂ ಅರಬಸ್ಥಾನದಿಂದಲೂ ಜನ ಇಲ್ಲಿಗೆ ಹರಿದುಬಂದರು. ಅಂಥ ದಿನಗಳಲ್ಲಿ, 1470ರ ಆಸುಪಾಸಿನಲ್ಲಿ, ರಷ್ಯದ ತ್ವೇರ್ ನಗರದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿಯೊಬ್ಬನು ಒಂದು ಕುದುರೆಯನ್ನು ಮಾರುವುದಕ್ಕಾಗಿ ಬೀದರಿಗೆ ಬಂದನು. ದಾರಿಯಲ್ಲಿ ವೋಲ್ಗಾ ನದಿಯ ಮೇಲೆಯೇ ದರೋಡೆಗೆ ಸಿಕ್ಕಿ ಧರ್ಮಗ್ರಂಥಗಳನ್ನೂ ಕಳೆದುಕೊಂಡಿದ್ದ ಆತನಿಗೆ ತನ್ನ ಹಬ್ಬ ಎಂದು ಬರುತ್ತದೆ, ಉಪವಾಸ ಎಂದು ಮುಗಿಯುತ್ತದೆ ಎಂಬುದೂ ತಿಳಿಯದಾಗಿತ್ತು. ಪರದೇಶದ ಏಕಾಂತವೆಂದರೆ ಇದಕ್ಕಿಂತ ಹೆಚ್ಚಿನದು ಯಾವುದಿದ್ದೀತು? ಕ್ಷೇಮಕ್ಕಾಗಿ ಆತನು ಖ್ವಾಜಾ ಯೂಸುಫ್ ಖುರಾಸಾನಿ ಎಂಬ ಹೆಸರನ್ನು ಇಟ್ಟುಕೊಂಡಿದ್ದನು. ಬೀದರಿನಲ್ಲಿ ಕುದುರೆ ಮಾರಿದ ಮೇಲೆ ಅನೇಕ ಹಿಂದುಗಳ ಪರಿಚಯವಾಯಿತೆಂದೂ, ತಾನು ಮುಸಲ್ಮಾನನಲ್ಲ, ಕ್ರೈಸ್ತನು, ನಿಜವಾದ ಹೆಸರು ಅಫನಾಸಿ ಎಂಬುದನ್ನು ಅವರಿಗೆ ತಿಳಿಸಿದನೆಂದೂ, ಅಂದಿನಿಂದ ಅವರು ತಮ್ಮ ಊಟ, ವ್ಯಾಪಾರ, ಪೂಜೆ, ಮನೆಯ ಹೆಂಗಸರು ಯಾವುದನ್ನೂ ತನ್ನಿಂದ ಮರೆಮಾಡಲಿಲ್ಲವೆಂದೂ ಆತನು ತನ್ನ ಪ್ರವಾಸದ ಬರಹದಲ್ಲಿ ದಾಖಲಿಸಿದ್ದಾನೆ. ಮುಂದೆ ಅವರ ಜತೆಯಲ್ಲಿಯೇ ಶ್ರೀಶೈಲದ ಜಾತ್ರೆಗೂ ಹೋಗಿಬಂದನು.

ಈ ಪ್ರಸಂಗವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅಪಾಯದ ನಡುವೆ ಬದುಕುತ್ತಿದ್ದ ಮನುಷ್ಯನೊಬ್ಬನು ತನ್ನ ಗುಟ್ಟನ್ನು ಮೊದಲು ತಾನೇ ಬಿಟ್ಟುಕೊಟ್ಟನು. ಬಾಗಿಲು ಆಚೆಯಿಂದ ತೆರೆದದ್ದು ಅನಂತರ. ಅಂದರೆ, ಕೊಡುವುದಷ್ಟೇ ಸ್ನೇಹವಲ್ಲ. ಇನ್ನೊಬ್ಬನ ಕೈಯಲ್ಲಿ ನಮ್ಮ ಏನನ್ನೋ ಇಟ್ಟು, ಅದು ಅಲ್ಲಿಯೇ ಇರಲೆಂದು ಬಿಟ್ಟುಬರುವುದೂ ಸ್ನೇಹ. ಹೆಪ್ಪು ಕೇಳಿದವಳು ಮಾಡಿದ್ದು ಇದನ್ನೇ. ನನ್ನಲ್ಲಿ ಇದು ಇಲ್ಲ, ನಿನ್ನಿಂದ ಆಗಬೇಕು ಎಂಬ ಒಂದು ಮಾತು, ನಡುವಯಸ್ಸಿನ ಮರ್ಯಾದಸ್ಥನ ಬಾಯಿಂದ ಎಲ್ಲಕ್ಕಿಂತ ಕಷ್ಟದಿಂದ ಹೊರಡುವ ಮಾತು.

ನಿಕಿತಿನ್ ಬಂದಾಗ ಈ ರಾಜ್ಯದ ಆಡಳಿತ ನಡೆಸುತ್ತಿದ್ದ ಮಹಮೂದ್ ಗವಾನನೂ ಪರದೇಶಿಯೇ. ಇರಾನದ ಗಿಲಾನ ಪ್ರಾಂತದವನು; ಸುಮಾರು 1453ರಲ್ಲಿ ವ್ಯಾಪಾರಿಯಾಗಿ ಬೀದರಿಗೆ ಬಂದಾಗ ಆಗಲೇ ನಲವತ್ತನ್ನು ದಾಟಿದ್ದನು. 1472ರಲ್ಲಿ ಆತನು ಕಟ್ಟಿಸಿದ ಮದರಸೆಯ ಉಳಿದಿರುವ ಮಿನಾರು ಇಂದಿಗೂ ಊರಿಗೆ ಗುರುತು. ದೂರದ ದೊರೆಗಳಿಗೂ ವಿದ್ವಾಂಸರಿಗೂ ಬಂಧುಗಳಿಗೂ ಆತನು ಬರೆದ ಪತ್ರಗಳು ‘ರಿಯಾಜುಲ್ ಇನ್ಶಾ’ ಎಂಬ ಸಂಗ್ರಹವಾಗಿ ಉಳಿದಿವೆ. ನಾವು ಇಂದು ಪ್ರತಿ ರಾತ್ರಿ ಬಿಟ್ಟುಬಂದ ಊರಿನವರೊಡನೆ ದೂರವಾಣಿಯಲ್ಲಿ ಆಡುವಂತೆ ಆತನೂ ಹಳೆಯ ಸಂಬಂಧಗಳನ್ನು ಲೇಖನಿಯಿಂದ ಕಾಪಾಡಿಕೊಂಡಿದ್ದನು, ಅದು ತಪ್ಪಲ್ಲ. ಆದರೆ 1481ರಲ್ಲಿ, ವೈರಿಗಳು ಹುಟ್ಟಿಸಿದ ಖೋಟಾ ಪತ್ರವನ್ನು ನಂಬಿ ಸುಲ್ತಾನನು ಕರೆಕಳುಹಿಸಿದಾಗ, ಸಾವಿರ ಕುದುರೆ ಸಿದ್ಧವಾಗಿವೆ, ಗುಜರಾತಿಗೆ ಹೊರಡುವುದಾದರೆ ನಾವೂ ಜತೆಗೆ ಬರುತ್ತೇವೆ ಎಂದು ಹೇಳಿಕಳುಹಿಸಿದ ಸ್ನೇಹಿತರು, ಫರಿಷ್ತಾ ಎಂಬ ಚರಿತ್ರಕಾರನು ಬರೆದಿರುವಂತೆ, ಪತ್ರದ ಆಚೆ ತುದಿಯವರಲ್ಲ, ಈ ನೆಲದಲ್ಲಿ ಜತೆಗಿದ್ದವರು. ವೃದ್ಧನಾದ ಗವಾನನು ಒಪ್ಪಲಿಲ್ಲ. ಹೋಗಿ ಪ್ರಾಣ ತೆತ್ತನು. ಆ ಸಾವಿಗೆ ಹಿನ್ನೆಲೆಯಾದದ್ದು ಹೊರಗಿನಿಂದ ಬಂದ ಆಫಾಕಿಗಳೆಂದೂ ಇಲ್ಲಿಯವರಾದ ದಖ್ಖನಿಗಳೆಂದೂ ದರ್ಬಾರು ಎರಡಾಗಿ ಒಡೆದಿದ್ದ ಆ ಕಾಲದ ವ್ಯಾಧಿ. ದಕ್ಷಿಣದಿಂದ ಬಂದ ನೌಕರರು ‘ನಮ್ಮ ಕಡೆಯವರು’ ಎಂದು ತಮ್ಮಷ್ಟಕ್ಕೆ ಗುಂಪುಗೂಡಿ, ಭಾನುವಾರಗಳನ್ನೆಲ್ಲ ಈ ಊರಿನ ಬಿಸಿಲನ್ನೂ ದೂಳನ್ನೂ ನಿಂದಿಸುತ್ತ ಕಳೆಯುವುದನ್ನು ಕಂಡಾಗ, ನಾನೂ ಎರಡು ವರ್ಷ ಆ ಗುಂಪಿನಲ್ಲಿ ಕುಳಿತಿದ್ದವನಾದುದರಿಂದ, ನನಗೆ ಮದರಸೆಯ ನೆನಪು ಬಂದು ದುಃಖವಾಗುತ್ತದೆ.

ಭಾಷೆಯ ವಿಷಯವನ್ನು ಹೇಳಲೇಬೇಕು. ಹಾಸನದವನಿಗೆ ಬೀದರಿನ ಕನ್ನಡ ಮೊದಲ ಕೇಳ್ಮೆಗೆ ಗಡುಸು. ಬೀದರಿನವರಿಗೆ ನಮ್ಮದು ಪುಸ್ತಕದಿಂದ ಓದಿದಂತೆ. ಔರಾದ ಸೀಮೆಯಲ್ಲಂತೂ ಒಂದೇ ಜಗಲಿಯ ಮೇಲೆ ಮರಾಠಿ, ಉರ್ದು, ಕನ್ನಡ, ಲಂಬಾಣಿಗಳು ಒಂದರ ಕೈ ಒಂದು ಹಿಡಿದು ಓಡಾಡುತ್ತವೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದು ಕಷ್ಟವಾಗಿದ್ದಾಗ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡದ ಪಾಠ ನಡೆಸಿದರೆಂಬುದು ಈ ಕಡೆ ಮಕ್ಕಳಿಗೂ ಗೊತ್ತಿರುವ ಸಂಗತಿ. ಇಲ್ಲಿಯ ಜನರ ಮಾತನ್ನು ಕೇಳುವಾಗಲೂ ಫಲಕವನ್ನು ಓದಿ ಹಿಂದಿರುಗದೆ ಒಳಗೆ ಹೋಗಬೇಕಾಗುತ್ತದೆ. ನಾನು ತಪ್ಪುತಪ್ಪಾಗಿ ‘ಹ್ಯಾಂಗದೀರಿ’ ಎನ್ನತೊಡಗಿದ ದಿನದಿಂದ ಜನರ ಮುಖದಲ್ಲಿ ಆದ ಬದಲಾವಣೆಯನ್ನು ಬಣ್ಣಿಸಲಾರೆ. ಸಂಬೋಧನೆಯೂ ಅಷ್ಟೇ ಮುಖ್ಯ. ಬಳ್ಳಿಗಾವೆಯ ಅಲ್ಲಮ, ಉಡುತಡಿಯ ಮಹಾದೇವಿ, ಸೊನ್ನಲಿಗೆಯ ಸಿದ್ಧರಾಮ, ಹೀಗೆ ಬೇರೆಬೇರೆ ನೆಲದಿಂದ ನಡೆದುಬಂದವರು 12ನೆಯ ಶತಮಾನದಲ್ಲಿ ಇದೇ ಜಿಲ್ಲೆಯ ಕಲ್ಯಾಣದಲ್ಲಿ ಕೂಡಿದಾಗ, ಬಸವಣ್ಣನವರು ಎಲ್ಲರಿಗೂ ಅಣ್ಣನಾದರು, ಮಹಾದೇವಿ ಅಕ್ಕನಾದಳು. ಬೀದರಿನ ಬೀದಿಯಲ್ಲಿ ಇಂದಿಗೂ ಅಣ್ಣಾ, ಅಕ್ಕಾ, ಕಾಕಾ, ಮಾಮಾ ಎಂಬ ಮಾತುಗಳು ಧಾರಾಳವಾಗಿ ಸಿಗುತ್ತವೆ; ‘ಸರ’ ಎಂಬುದನ್ನು ದಾಟಿ ಅವುಗಳಲ್ಲಿ ಒಂದನ್ನು ಗಳಿಸಿದವನು ಅರ್ಧ ದಾರಿ ನಡೆದಂತೆ.

ಎಲ್ಲಿ ಸೇರಬೇಕೆಂದು ಹೊಸಬರು ಕೇಳುತ್ತಾರೆ. 1950ರಲ್ಲಿ ಅಮೆರಿಕದ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ವಿದ್ಯಾರ್ಥಿ ದಂಪತಿಗಳ ವಸತಿಗೃಹಗಳನ್ನು ಪರಿಶೀಲಿಸಿ ತೋರಿಸಿಕೊಟ್ಟದ್ದೇನೆಂದರೆ, ಗೆಳೆತನ ಬೆಳೆದದ್ದು ಬಹುಪಾಲು ಪಕ್ಕದ ಬಾಗಿಲಿನವರೊಡನೆ, ಮೆಟ್ಟಿಲ ಬಳಿಯವರೊಡನೆ, ಅಂದರೆ ಬೇಕಿಲ್ಲದೆಯೂ ಮತ್ತೆ ಮತ್ತೆ ಎದುರಾಗುವವರೊಡನೆ. ಹಳೆಯ ಬೀದರಿಗೆ ಇದು ಗೊತ್ತಿತ್ತು. ಮಣಿಯಾರ್ ತಾಲೀಮು, ನೂರ್‌ಖಾನ್ ತಾಲೀಮು ಎಂದು ಇಂದಿಗೆ ಓಣಿಗಳ ಹೆಸರಾಗಿ ಉಳಿದಿರುವ ಸ್ಥಳಗಳು ಒಂದು ಕಾಲದಲ್ಲಿ ಗಂಡಸರು ಪ್ರತಿದಿನ ಕಲೆತು ಸಾಮು ಮಾಡುತ್ತಿದ್ದ ಗರಡಿಗಳು. ಈಗ ಆ ಕೆಲಸವನ್ನು ಬರೀದ್ ಶಾಹಿ ಉದ್ಯಾನದ ಬೆಳಗಿನ ನಡಿಗೆ ಕೊಂಚಮಟ್ಟಿಗೆ ಮಾಡುತ್ತದೆ. ಹಳ್ಳಿಗಳಲ್ಲಿ ಭಜನಾ ಮಂಡಳಿ ಇನ್ನೂ ಚೆನ್ನಾಗಿ ಮಾಡುತ್ತದೆ. ಒಂಟಿತನದ ಮೊದಲ ಭಾನುವಾರಗಳಲ್ಲಿ ನಾನು ಗುರುನಾನಕ ಝೀರಾಕ್ಕೆ ಹೋಗಿ ಲಂಗರಿನ ಪಂಕ್ತಿಯಲ್ಲಿ ಕುಳಿತು ಉಂಡು ಬರುತ್ತಿದ್ದೆನು. ಯಾರು ಎಂದು ಕೇಳದೆ ಬಡಿಸುವ ಆ ಅನ್ನ ನನ್ನನ್ನು ಉಳಿಸಿತು; ಅದಕ್ಕೆ ನನ್ನ ನಮಸ್ಕಾರ. ಆದರೆ ಅದು ಎಲ್ಲರ ಅನ್ನ. ಗೆಳೆತನಕ್ಕೆ ಬೇಕಾದದ್ದು ನೀನೇ ಬರಬೇಕೆಂದು ಕಾದಿರುವ ಒಂದು ತಟ್ಟೆ.

ಅದು ದೊರೆತದ್ದು ನಾಲ್ಕನೆಯ ವರ್ಷದ ಎಳ್ಳಮಾವಾಸ್ಯೆಯಂದು. ಆ ದಿನ ಬೀದರ ನಗರ ಬರಿದಾಗುತ್ತದೆ. ಹೊಲವಿದ್ದವರೆಲ್ಲ ಹೊಲಕ್ಕೆ, ಇಲ್ಲದವರು ಇದ್ದವರ ಹೊಲಕ್ಕೆ. ಈ ಸಲ ಕರೆಯನ್ನು ಕಾಯದೆ, ಭಾಲ್ಕಿಯ ಬಸ್ಸಿನಲ್ಲಿ ನಾನೇ, “ಈ ವರ್ಷ ನಾವು ಬರೋಣವೆ?” ಎಂದು ಕೇಳಿದ್ದೆನು. ಅವರು ಉತ್ತರ ಕೊಡಲಿಲ್ಲ, ನನ್ನ ಮೊಣಕೈಯನ್ನು ಒಮ್ಮೆ ಹಿಡಿದು ಬಿಟ್ಟರು. ಔರಾದದ ಆಚೆ, ಕರಿಮಣ್ಣಿನ ಹೊಲ. ಎದೆಯೆತ್ತರದ ಬಿಳಿಜೋಳ, ಅಂಚಿನಲ್ಲಿ ಹಸಿಗಡಲೆ. ನಡುವೆ ಜೋಳದ ದಂಟಿನಿಂದ ಕಟ್ಟಿದ ಸಣ್ಣ ಕೊಂಪೆ, ಅದರೊಳಗೆ ಸುಣ್ಣ ಬಳಿದ ಐದು ಕಲ್ಲು, ಅವೇ ಪಾಂಡವರು. ಪೂಜೆಯಾದ ಮೇಲೆ ಹೊಲದ ಸುತ್ತ ಚರಗ ಚೆಲ್ಲಿದರು. ಎಳೆಯ ತೊಗರಿಕಾಳು, ಅವರೆ, ಬದನೆ, ಗಜ್ಜರಿ, ಮೆಂತ್ಯ, ಹೀಗೆ ಚಳಿಗಾಲ ಕೊಟ್ಟದ್ದನ್ನೆಲ್ಲ ಕಡಲೆಹಿಟ್ಟಿನಲ್ಲಿ ಕುದಿಸಿದ ಭಜ್ಜಿ, ಸಜ್ಜೆರೊಟ್ಟಿ, ಗಡಿಗೆಯಲ್ಲಿ ಹುಳಿ ಬಂದ ಅಂಬಲಿ. ನಾನು ನೀರು ಕೇಳಿದಾಗ ಅವರ ತಾಯಿ, “ನೀರ್ಯಾಕ? ಅಂಬಲಿ ಕುಡಿ, ನಮ್ಮಪ್ಪಾ” ಎಂದು ಲೋಟವನ್ನು ತುಂಬಿದರು. ನಾಲ್ಕು ವರ್ಷದಲ್ಲಿ ಈ ಜಿಲ್ಲೆಯಲ್ಲಿ ನನ್ನನ್ನು ಏಕವಚನದಲ್ಲಿ ಕರೆದವರು ಅವರೇ ಮೊದಲಿಗರು.

ಮಧ್ಯಾಹ್ನ ಬೇವಿನ ನೆರಳಲ್ಲಿ ಒರಗಿದ್ದಾಗ, ಯಾಕೆಂದು ನನಗೇ ತಿಳಿಯದೆ, ಊರಿನಲ್ಲಿ ಒಬ್ಬಳೇ ಉಳಿದಿರುವ ನನ್ನ ತಾಯಿಯ ವಿಷಯವನ್ನೂ, ರಾತ್ರಿ ದೂರವಾಣಿ ಸದ್ದಾದರೆ ನನ್ನ ಕೈ ನಡುಗುವುದನ್ನೂ, ಮನೆಯವಳಿಗೂ ಪೂರ್ತಿ ಹೇಳಿರದ ಆ ಹೆದರಿಕೆಯನ್ನೂ ಅವರ ಮುಂದೆ ಹೇಳಿಬಿಟ್ಟೆನು. ಅವರು ಬಹಳ ಹೊತ್ತು ಹಸಿಗಡಲೆಯ ಸಿಪ್ಪೆ ಬಿಡಿಸುತ್ತಿದ್ದರು. ಸಂಜೆ ಬಸ್ಸಿಗೆ ಕಳುಹಿಸಲು ಬಂದಾಗ, “ನಿಮ್ಮವ್ವನ್ನ ಇಲ್ಲಿಗೇ ಕರಕೊಂಡು ಬರ್ರಿ ಅಣ್ಣಾ. ನಮ್ಮವ್ವಗ ಜೋಡ ಆಗ್ತದ” ಎಂದರು. ತಾಯಿ ಬಂದಳು, ಮುಂದಿನ ವರ್ಷಗಳಲ್ಲಿ ಪ್ರತಿ ಚಳಿಗಾಲವೂ ಬಂದಳು. ಒಬ್ಬರ ಮಾತು ಒಬ್ಬರಿಗೆ ಅರ್ಧವಷ್ಟೇ ಅರ್ಥವಾಗುತ್ತಿದ್ದ ಆ ಇಬ್ಬರು ಮುದುಕಿಯರು ಅಂಗಳದ ಬಿಸಿಲಿನಲ್ಲಿ ಕುಳಿತು ಅವರೆಕಾಳು ಸುಲಿಯುತ್ತಿದ್ದ ದೃಶ್ಯ ನನ್ನ ಕಣ್ಣಿನಲ್ಲಿ ಕಟ್ಟಿದಂತಿದೆ.

ಎಲ್ಲರಿಗೂ ಇಷ್ಟು ಸುಲಭವಾಗಿ ಹೊಲದ ದಾರಿ ತೆರೆಯುತ್ತದೆಂದು ಹೇಳಲಾರೆ. ಬಾಡಿಗೆ ಮನೆ ಕೇಳುವಾಗಲೇ ಜಾತಿಯನ್ನೂ ಮತವನ್ನೂ ವಿಚಾರಿಸುವ ಬಾಗಿಲುಗಳು ನಮ್ಮ ನಾಡಿನ ಬೇರೆ ಊರುಗಳಲ್ಲಿರುವಂತೆ ಇಲ್ಲಿಯೂ ಇವೆ. ಒಂಟಿಯಾಗಿ ಬಂದ ಹೆಣ್ಣುಮಗಳಿಗೆ ಸಂಜೆಯ ಚಾ ಅಂಗಡಿಯಾಗಲಿ ಗಂಡಸರ ಭಜನೆಯಾಗಲಿ ನೆರವಿಗೆ ಬಾರದು. ಪಾಳಿಯ ಮೇಲೆ ಕೆಲಸ ಮಾಡುವವರಿಗೆ ವಾರಕ್ಕೊಂದು ತಾಸೂ ದುರ್ಲಭ. ಅಂಥವರಿಗೆ ಹೆಪ್ಪು ಕೇಳುವ ಧೈರ್ಯವಿದ್ದರೆ ಸಾಲದು, ಕೇಳಿದಾಗ ಒಳಕ್ಕೆ ಬಾ ಎನ್ನುವ ಮನೆಯೂ ಇರಬೇಕು. ಆ ಹೊಣೆ ಬಂದವರದಲ್ಲ, ಮೊದಲಿನಿಂದ ಇರುವವರದು.

ಈ ತಿಂಗಳು ನನಗೆ ಮತ್ತೆ ವರ್ಗವಾಗಿದೆ. ಸಾಮಾನುಗಳನ್ನು ಕಟ್ಟುತ್ತಿರುವಾಗ ನನ್ನ ಮನೆಯವಳು, ಬೀದರಿನ ಮೊಸರಿನ ರುಚಿ ಬೇರೆಲ್ಲಿಯೂ ಸಿಗದೆಂದು, ಹೊರಡುವ ದಿನ ಒಂದು ಸ್ಟೀಲಿನ ಡಬ್ಬಿಯಲ್ಲಿ ಹೆಪ್ಪನ್ನು ತೆಗೆದಿರಿಸಿಕೊಳ್ಳುವ ಯೋಚನೆಯನ್ನು ಪಕ್ಕದ ಮನೆಯಾಕೆಗೆ ಹೇಳಿದಳು. ಆಕೆ ಡಬ್ಬಿಯನ್ನು ಕೈಯಿಂದ ತೆಗೆದುಕೊಂಡು, ಕಣ್ಣೊರಸಿಕೊಂಡು, ಅದರಲ್ಲಿ ಶೇಂಗಾ ಹಿಂಡಿ ತುಂಬಿ ಮುಚ್ಚಳ ಹಾಕಿ ಹಿಂದಕ್ಕೆ ಕೊಟ್ಟಳು.

“ಹೆಪ್ಪ ಒಯ್ಯಬ್ಯಾಡ್ರಿ ಅಕ್ಕಾ. ಅಲ್ಲಿ ಬಾಜೂ ಮನ್ಯಾಗ ಕೇಳ್ರಿ.”